ಕೀಲಿ ಬ್ಯಾಂಕಿನವರ ಹತ್ತಿರವೇ ಇತ್ತು, ಸರಿ. ಆಮೇಲೆ?

ಬ್ಯಾಂಕ್ ಕಳ್ಳತನದ ಸುದ್ದಿ ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಒಳಗಿನವರ ಕೈವಾಡ ಇಲ್ಲದೆ ಇದು ಸಾಧ್ಯವಾ? 2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಬ್ಯಾಂಕ್ ಶಾಖೆಯೊಂದರಿಂದ ಸುಮಾರು 59 ಕೆಜಿ ಚಿನ್ನ ಹೋದಾಗಲೂ ಹೀಗೇ ಆಯಿತು. ಮೊದಲು ಬಂಧಿತರಾದವರಲ್ಲಿ ಆ ಶಾಖೆಯ ಹಿಂದಿನ ಮ್ಯಾನೇಜರ್ ಒಬ್ಬರಿದ್ದರು. ಅದು ಆರೋಪ ಅಷ್ಟೇ, ತೀರ್ಮಾನ ಕೋರ್ಟಿನದು.

ನನಗೆ ಇಂಥ ಕೇಸುಗಳ ಮೇಲ್ಮನವಿ ತೀರ್ಪು ಓದುವ ಚಟ. ಓದಿ ಓದಿ ಅನ್ನಿಸಿದ್ದು ಇದು: ಹೊರಗೆ ನಿಂತವರಿಗೆ ಯಾವುದು ಗಟ್ಟಿ ಸಾಕ್ಷಿಯಾಗಿ ಕಾಣುತ್ತದೋ, ಮೇಲಿನ ಕೋರ್ಟಿನಲ್ಲಿ ಮೊದಲು ಅಲುಗಾಡುವುದು ಅದೇ.

ಕೀಲಿಯನ್ನೇ ತಗೊಳ್ಳಿ. ಸ್ಟ್ರಾಂಗ್ ರೂಮು ಸಾಮಾನ್ಯವಾಗಿ ಇಬ್ಬರ ಕೀಲಿ ಸೇರಿದರೇ ತೆರೆಯುವುದು. ಬೀಗ ಮುರಿದಿಲ್ಲ ಅಂದರೆ ಇಬ್ಬರಲ್ಲೊಬ್ಬರು ಕೊಟ್ಟಿರಬೇಕು, ಅಲ್ವಾ? ಆದರೆ ನಕಲಿ ಕೀಲಿ ಇರಬಹುದು, ವರ್ಗವಾಗಿ ಹೋದವರು ಇರಬಹುದು, ರಿಪೇರಿಗೆ ಬಂದವನೂ ಇರಬಹುದು. ಆರೋಪಿ ಬಿಟ್ಟು ಬೇರೆ ಯಾರೂ ಮಾಡಿರಲು ಸಾಧ್ಯವಿಲ್ಲ ಅನ್ನುವಷ್ಟು ಸಾಂದರ್ಭಿಕ ಸಾಕ್ಷ್ಯದ ಕೊಂಡಿಗಳು ಕೂಡಿರಬೇಕು ಎಂದು ಶರದ್ ಬಿರ್ಧಿಚಂದ್ ಸಾರ್ದಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1984ರಲ್ಲೇ ಹೇಳಿದೆ. ಕೀಲಿ ಇಟ್ಟುಕೊಳ್ಳುವುದು ಕ್ಯಾಷಿಯರ್ ಕೆಲಸ. ಅದನ್ನೇ ಸಂಚು ಅನ್ನುವುದು ಹೇಗೆ?

ಇನ್ನು ಹಳೆಯ ಸಾಕ್ಷ್ಯ ಕಾಯ್ದೆಯ 27ನೇ ಸೆಕ್ಷನ್. ಮಜಾ ಇರುವುದೇ ಇಲ್ಲಿ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ. ಆದರೆ ಆ ಹೇಳಿಕೆಯಿಂದ ಏನಾದರೂ ಸಿಕ್ಕರೆ, ಸಿಕ್ಕಿದ್ದಕ್ಕೆ ನೇರವಾಗಿ ಸಂಬಂಧಪಟ್ಟ ಮಾತಿನಷ್ಟು ನಡೆಯುತ್ತದೆ. ಕಳ್ಳ ಹೇಳಿದ ಅಂತ ಇಟ್ಟುಕೊಳ್ಳಿ: "ಕ್ಯಾಷಿಯರ್ ಕೀಲಿ ಕೊಟ್ಟ, ನಾನು ಚಿನ್ನ ತೆಗೆದೆ, ತೋಟದ ಬಾವಿ ಪಕ್ಕ ಹೂತಿದ್ದೇನೆ, ತೋರಿಸುತ್ತೇನೆ." ಇದರಲ್ಲಿ ಬಾವಿ ಪಕ್ಕದ ಮಾತು ಮಾತ್ರ ಉಳಿಯುತ್ತದೆ. ಕ್ಯಾಷಿಯರ್ ಹೆಸರು ಬಂದ ಅರ್ಧ ಬಿದ್ದುಹೋಗುತ್ತದೆ. ಪುಲುಕುರಿ ಕೊಟ್ಟಯ್ಯ ಕೇಸಿನಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದಲ್ಲಿ ನಮಗೆ ಕೊನೆಯ ಮೇಲ್ಮನವಿ ಕೋರ್ಟು) 1947ರ ಹೊತ್ತಿಗೇ ಹಾಕಿಕೊಟ್ಟ ಗೆರೆ ಇದು, ಈಗ ಕಾಯ್ದೆಯ ಹೆಸರು ಬದಲಾಗಿ ಸೆಕ್ಷನ್ 23ರೊಳಗೆ ಸೇರಿದರೂ ಗೆರೆ ಅಲ್ಲೇ ಇದೆ. ಹಾಗಾಗಿ ಚಿನ್ನದ ಜೊತೆ ಸಿಕ್ಕವನಿಗೆ ಶಿಕ್ಷೆ ಉಳಿಯುತ್ತದೆ, ಒಳಗಿನವನು ಅನುಮಾನದ ಲಾಭ ಪಡೆದು ಮನೆಗೆ ಹೋಗುತ್ತಾನೆ. ಜನ "ದುಡ್ಡು ಕೊಟ್ಟು ಬಿಡಿಸಿಕೊಂಡ" ಅಂತಾರೆ. ಎಷ್ಟೋ ಸಲ ಕಾರಣ ಅಷ್ಟು ದೊಡ್ಡದೇನಲ್ಲ, ಪಂಚನಾಮೆಗೆ, ಅಂದರೆ ಮಾಲು ಜಪ್ತಿಯ ದಾಖಲೆಗೆ, ಸಾಕ್ಷಿಯಾಗಿ ಸಹಿ ಹಾಕಿದವನು ಕಟಕಟೆಯಲ್ಲಿ ನಿಂತು "ಠಾಣೆಯಲ್ಲಿ ಕೂತು ಸಹಿ ಮಾಡಿದೆ" ಅಂದಿರುತ್ತಾನೆ.

ಒಳಗಿನವರ ವಕೀಲರು ಇಷ್ಟು ಜಗ್ಗಾಡುವುದಕ್ಕೂ ಕಾರಣ ಇದೆ. ಹಳೆಯ ಐಪಿಸಿಯಲ್ಲಿ ಕದ್ದ ಮಾಲು ಇಟ್ಟುಕೊಂಡರೆ, ಅಂದರೆ 411ರಲ್ಲಿ, ಹೆಚ್ಚೆಂದರೆ 3 ವರ್ಷ. ಬ್ಯಾಂಕ್ ನೌಕರನ ನಂಬಿಕೆ ದ್ರೋಹ, 409, ಜೀವಾವಧಿಯ ತನಕ ಹೋಗುತ್ತದೆ.

ಕೆಳಗಿನ ಕೋರ್ಟೇ ಒಳಗಿನವನನ್ನು ಬಿಟ್ಟರೆ ಸರ್ಕಾರದ ಮೇಲ್ಮನವಿ ಇನ್ನೂ ಕಷ್ಟ. 2007ರ ಚಂದ್ರಪ್ಪ ಕೇಸು ನಮ್ಮ ಕರ್ನಾಟಕದ್ದೇ. ಖುಲಾಸೆ ಆದಮೇಲೆ ನಿರಪರಾಧಿ ಅನ್ನುವ ಊಹೆ ಇಮ್ಮಡಿ ಆಗುತ್ತದೆ, ಅದೇ ಸಾಕ್ಷ್ಯದಿಂದ ಎರಡು ತೀರ್ಮಾನ ಸಾಧ್ಯವಿದ್ದರೆ ಖುಲಾಸೆಯನ್ನು ಮುಟ್ಟಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಅಲ್ಲೇ.

ಮೇಲ್ಮನವಿಯಲ್ಲಿ ಹೊಸ ಸಾಕ್ಷ್ಯ ತರಲು ಬಿಡುವುದು ಬಹಳ ಅಪರೂಪ. ಹಾಗಾಗಿ ಹೈಕೋರ್ಟಿನಲ್ಲಿ ಕೇಸಿನ ಹಣೆಬರಹ ಹೆಚ್ಚುಕಮ್ಮಿ ತನಿಖೆಯ ಮೊದಲ ವಾರದಲ್ಲೇ ಬರೆದಾಗಿರುತ್ತದೆ. ಅಂದು ಕೀಲಿ ಯಾರಿಂದ ಯಾರಿಗೆ ಹೋಯಿತು ಅಂತ ಬರೆದಿಡುವ ಆ ಹಳೇ ರಿಜಿಸ್ಟರನ್ನು ಇನ್ಸ್‌ಪೆಕ್ಟರ್ ಜಪ್ತಿ ಮಾಡಿದರಾ? ನಾನು ತೀರ್ಪು ತೆರೆದ ತಕ್ಷಣ ಹುಡುಕುವ ಸಾಲು ಅದು.