ಮಳೆ ಬಿಟ್ಟ ಮೇಲಿನ ಮೊದಲ ಟ್ರಯಥ್ಲಾನ್: ಕೊಳ, ಟ್ರೈನರ್ ಕಲಿಸದ ಸಂಗತಿಗಳು

ಈಜು, ಸೈಕಲ್, ಓಟ ಮೂರನ್ನೂ ಒಂದೇ ರೇಸ್‌ನಲ್ಲಿ ಮುಗಿಸುವ ನಮ್ಮ ಕಡೆಯ ಹವ್ಯಾಸಿ ಟ್ರಯಥ್ಲೀಟ್‌ಗಳಿಗೆ ಸೀಸನ್ ಶುರುವಾಗುವುದೇ ಮಳೆ ಬಿಟ್ಟ ಮೇಲೆ. 2019ರ ಅಕ್ಟೋಬರ್‌ನಲ್ಲಿ ಗೋವಾದ ಮಿರಾಮಾರ್ ಕಡಲತೀರದಲ್ಲಿ ಐರನ್‌ಮ್ಯಾನ್ 70.3 ಎಂಬ ಟ್ರಯಥ್ಲಾನ್ ಮೊದಲ ಸಲ ನಡೆಯಿತು. ಬೆಂಗಳೂರಿನ ಎಷ್ಟೋ ಜನ ಈಗ ಅದನ್ನೇ ವರ್ಷದ ಮೊದಲ ದೊಡ್ಡ ರೇಸ್ ಮಾಡಿಕೊಂಡಿದ್ದಾರೆ. 1.9 ಕಿ.ಮೀ. ಸಮುದ್ರ ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಅದಕ್ಕೆ ಮುಂಚಿನ ನಾಲ್ಕು ತಿಂಗಳ ತಯಾರಿ ನಡೆಯುವುದು ಮಾತ್ರ 25 ಮೀಟರ್ ಕೊಳದಲ್ಲಿ ಮತ್ತು ಮನೆಯೊಳಗಿನ ಟ್ರೈನರ್ ಮೇಲೆ, ಅಂದರೆ ಸೈಕಲ್ ಕೂರಿಸಿ ನಿಂತಲ್ಲೇ ತುಳಿಯುವ ಸ್ಟ್ಯಾಂಡ್ ಮೇಲೆ. ದಮ್ಮು ಚೆನ್ನಾಗಿಯೇ ಬಂದಿರುತ್ತದೆ. ರೇಸ್ ದಿನ ಕೈಕೊಡುವುದು ಕೊಳ ಮತ್ತು ಟ್ರೈನರ್ ಮುಚ್ಚಿಟ್ಟಿದ್ದ ವಿಷಯಗಳು. ಹಾಗಾಗಿ ಕೊನೆಯ ಮೂರು ವಾರ ಇನ್ನಷ್ಟು ಕಷ್ಟದ ಇಂಟರ್ವಲ್ (ಬಿಟ್ಟು ಬಿಟ್ಟು ಜೋರಾಗಿ ಮಾಡುವ ಅಭ್ಯಾಸ) ಮಾಡುವ ಬದಲು ಇವನ್ನು ಸರಿಮಾಡಿಕೊಳ್ಳಿ.

ಮೊದಲು ಸೈಕಲ್. ಟ್ರೈನರ್ ಮೇಲೆ ಸೈಕಲ್‌ಗೆ ಮಳೆ ತಾಗುವುದಿಲ್ಲ, ನಿಜ. ಆದರೆ ಉಪ್ಪು ಬೆವರು ದಿನವೂ ಒಂದೇ ಜಾಗಕ್ಕೆ ತೊಟ್ಟಿಕ್ಕುತ್ತದೆ: ಹ್ಯಾಂಡಲ್ ಹಿಡಿದಿಡುವ ಸ್ಟೆಮ್‌ನ ಬೋಲ್ಟ್, ಹ್ಯಾಂಡಲ್ ತಿರುಗುವ ಹೆಡ್‌ಸೆಟ್‌ನ ಮೇಲಿನ ಬೇರಿಂಗ್, ಹ್ಯಾಂಡಲ್ ಟೇಪ್‌ನ ಒಳಗೆ. ಮುಂಗಾಲಿಯನ್ನು ನೆಲದಿಂದ ಎತ್ತಿ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸಿ. ನೇರಕ್ಕೆ ಬಂದಾಗ ಸಣ್ಣಗೆ ಸಿಕ್ಕಿಹಾಕಿಕೊಂಡಂತೆ ಅನಿಸಿದರೆ ಬೇರಿಂಗ್ ಹೋಗಿದೆ, ಗ್ರೀಸ್ ಹಚ್ಚಿದರೆ ಸರಿಹೋಗುವುದಿಲ್ಲ, ಬದಲಿಸಲೇಬೇಕು. ಹಳೆಯ ಟೇಪ್ ಬಿಚ್ಚಿ ನೋಡಿ. ಅಲ್ಯೂಮಿನಿಯಂ ಹ್ಯಾಂಡಲ್ ಮೇಲೆ ಬಿಳಿ ಪುಡಿ ಕೂತು, ಅದರಡಿ ಗುಳಿ ಬಿದ್ದಿದ್ದರೆ ಉಜ್ಜಿ ಮತ್ತೆ ಟೇಪ್ ಸುತ್ತಬೇಡಿ. ಅಂಥ ಹ್ಯಾಂಡಲ್ ಮುರಿಯುವುದು ಗುಂಡಿಗೆ ಇಳಿದಾಗ, ನಿಮ್ಮ ಪೂರ್ತಿ ಭಾರ ಅದರ ಮೇಲಿರುವಾಗ.

ಹಿಂಗಾಲಿ ಕಳಚಿ ಕೂರಿಸುವ ಟ್ರೈನರ್ ಆಗಿದ್ದರೆ ಇನ್ನೂ ಎರಡು ತೊಂದರೆ ಇವೆ. ಚೈನ್ ಇಷ್ಟು ದಿನ ಸವೆದಿರುವುದು ಟ್ರೈನರ್‌ನ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ) ಮೇಲೆ, ಗಾಲಿಯಲ್ಲಿರುವ ಕ್ಯಾಸೆಟ್ ಬೇರೆಯದು. ಗಾಲಿ ಹಾಕಿ ಎರಡು ಪೆಡಲ್ ತುಳಿದು ನೋಡಿದರೆ ಏನೂ ಗೊತ್ತಾಗುವುದಿಲ್ಲ, ಏರಿನಲ್ಲಿ ಎದ್ದು ನಿಂತು ತುಳಿದಾಗ ಚೈನ್ ಜಾರುತ್ತದೆ. 11 ಅಥವಾ 12 ಸ್ಪೀಡ್ ಚೈನ್ ಸವೆತ ಅಳೆಯುವ ಗೇಜ್‌ನಲ್ಲಿ 0.5 ತೋರಿಸಿದರೆ ಹೊಸದು ಹಾಕಿ, ಆಮೇಲೆ ಗೇರ್ ಇಂಡೆಕ್ಸ್ ಮಾಡಿಸಿ, ಅಂದರೆ ಪ್ರತಿ ಗೇರ್ ಸರಿಯಾಗಿ ಕೂರುವಂತೆ ಹೊಂದಿಸಿ. ಇನ್ನೊಂದು ಡಿಸ್ಕ್ ಬ್ರೇಕ್. ಗಾಲಿ ಇಲ್ಲದಾಗ ಯಾರಾದರೂ ಬ್ರೇಕ್ ಲಿವರ್ ಒತ್ತಿದ್ದರೆ ಪಿಸ್ಟನ್ ಮುಂದೆ ಬಂದು ಪ್ಯಾಡ್‌ಗಳು ಒಂದಕ್ಕೊಂದು ಅಂಟಿರುತ್ತವೆ. ಟೈರ್ ಕಳಚುವ ಅಗಲವಾದ ಪ್ಲಾಸ್ಟಿಕ್ ಲಿವರ್‌ನಿಂದ ಹಿಂದಕ್ಕೆ ತಳ್ಳಿ, ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ಮತ್ತೆ ಡಿಸ್ಕ್‌ಗೆ ಸೆಂಟರ್ ಮಾಡಿ. ಟ್ಯೂಬ್‌ಲೆಸ್ ಟೈರ್‌ನ ಸೀಲಂಟ್ (ಪಂಕ್ಚರ್ ಮುಚ್ಚುವ ದ್ರವ) ನಾಲ್ಕು ತಿಂಗಳಲ್ಲಿ ಒಣಗಿರುವ ಸಾಧ್ಯತೆಯೇ ಹೆಚ್ಚು. ಗಾಲಿ ಅಲ್ಲಾಡಿಸಿದಾಗ ದ್ರವದ ಸದ್ದು ಬರದಿದ್ದರೆ 28 ಮಿ.ಮೀ. ಟೈರ್‌ಗೆ 30–40 ಮಿ.ಲೀ. ಹಾಕಿ.

ಗೋವಾಕ್ಕೆ ಸೈಕಲ್ ಪ್ಯಾಕ್ ಮಾಡುವಾಗ ಸೀಟ್‌ಪೋಸ್ಟ್‌ಗೆ ಫ್ರೇಮ್ ಮಟ್ಟದಲ್ಲಿ ಟೇಪ್ ಗುರುತು ಹಾಕಿ, ಹಿಂದಿನ ಡಿರೈಲರ್ (ಚೈನನ್ನು ಗೇರ್‌ನಿಂದ ಗೇರ್‌ಗೆ ಸರಿಸುವ ಭಾಗ) ಬಿಚ್ಚಿ ಬಟ್ಟೆ ಸುತ್ತಿ ಫ್ರೇಮ್‌ಗೆ ಕಟ್ಟಿ. ಬಸ್ಸಿನ ಡಿಕ್ಕಿಯಲ್ಲಿ ಮೊದಲು ಬಾಗುವುದು ಡಿರೈಲರನ್ನು ಫ್ರೇಮ್‌ಗೆ ಸೇರಿಸುವ ಸಣ್ಣ ತುಂಡು, ಡಿರೈಲರ್ ಹ್ಯಾಂಗರ್. ಅದೊಂದನ್ನು ಹೆಚ್ಚುವರಿಯಾಗಿ ಇಟ್ಟುಕೊಳ್ಳಿ, ನಿಮ್ಮ ಫ್ರೇಮ್‌ನ ಹ್ಯಾಂಗರ್ ಅಲ್ಲಿನ ಅಂಗಡಿಯಲ್ಲಿ ಸಿಗುವ ನಂಬಿಕೆ ಇಲ್ಲ. ಬೋಲ್ಟ್‌ಗಳನ್ನು ಅವುಗಳ ಮೇಲೆ ಬರೆದಷ್ಟೇ, ಹೆಚ್ಚಾಗಿ 5 ನ್ಯೂಟನ್ ಮೀಟರ್, ಬಿಗಿತ ಅಳೆಯುವ ಟಾರ್ಕ್ ಕೀಯಿಂದ ಬಿಗಿ ಮಾಡಿ.

ಈಗ ನೀರು. 25 ಮೀಟರ್ ಕೊಳದಲ್ಲಿ 1.9 ಕಿ.ಮೀ. ಅಂದರೆ 75 ಸಲ ಗೋಡೆ ಒದ್ದು ತಿರುಗುವುದು. ಪ್ರತಿ ಸಲವೂ ಮೂರ್ನಾಲ್ಕು ಮೀಟರ್ ಪುಕ್ಕಟೆ, ಜೊತೆಗೆ ತೋಳಿಗೆ ಒಂದು ಕ್ಷಣ ಬಿಡುವು. ಸಮುದ್ರದಲ್ಲಿ ಎರಡೂ ಇಲ್ಲ. ವಾರಕ್ಕೊಂದು ದಿನ ಗೋಡೆಗೆ ಎರಡು ಮೀಟರ್ ಮುಂಚೆಯೇ, ಏನನ್ನೂ ಮುಟ್ಟದೆ ತಿರುಗಿ 400 ಮೀಟರ್ ಈಜಿ. ಅದರಲ್ಲೇ ಪ್ರತಿ ಆರೆಂಟು ಸ್ಟ್ರೋಕ್‌ಗೊಮ್ಮೆ ಕಣ್ಣು ಮಾತ್ರ ನೀರಿನ ಮೇಲೆ ಬರುವಷ್ಟು ತಲೆ ಎತ್ತಿ ಮುಂದೆ ನೋಡುವ ಅಭ್ಯಾಸ ಮಾಡಿ. ಪೂರ್ತಿ ತಲೆ ಎತ್ತಿದರೆ ಸೊಂಟ ಮುಳುಗುತ್ತದೆ, ವೇಗವೂ ಹೋಗುತ್ತದೆ. ನಮ್ಮದು ಪಶ್ಚಿಮ ಕರಾವಳಿ, ಬೆಳಗಿನ ಬಿಸಿಲು ದಡದ ಕಡೆಯಿಂದ ಬರುತ್ತದೆ. ಆಚೆ ಹೋಗುವಾಗ ಎಲ್ಲವೂ ಕಾಣುತ್ತದೆ, ವಾಪಸು ಬರುವಾಗ ಬಿಸಿಲು ಕಣ್ಣಿಗೇ ಹೊಡೆದು ತೇಲುಗುರುತು ಮಾಯವಾಗುತ್ತದೆ. ನೀರಿಗಿಳಿಯುವ ಮುಂಚೆಯೇ ದಡದ ಮೇಲೆ ಒಂದು ಎತ್ತರದ ಕಟ್ಟಡ ಅಥವಾ ಮರದ ಸಾಲು ಗೊತ್ತುಮಾಡಿಕೊಳ್ಳಿ. ಗಾಢ ಬಣ್ಣದ ಗಾಗಲ್ಸ್ ಇರಲಿ.

ಉಸಿರು ಕಟ್ಟಿದಂತಾಗುವುದು ಸಾಮಾನ್ಯವಾಗಿ ಮೊದಲ 200 ಮೀಟರ್‌ನಲ್ಲಿ. ಉಸಿರನ್ನು ನೀರಿನೊಳಗೆ ಪೂರ್ತಿ ಬಿಡದೆ ಹಿಡಿದಿಟ್ಟುಕೊಳ್ಳುವುದೇ ಬಹುಪಾಲು ಕಾರಣ. ಗುಂಪಿನ ಅಂಚಿನಲ್ಲಿ ನಿಂತು ಹೊರಡಿ, ಕಷ್ಟವಾದರೆ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಹತ್ತು ಎಳೆತ ಹೋಗಿ ಉಸಿರು ಹದಕ್ಕೆ ತಂದುಕೊಳ್ಳಿ. ಇದು ಸೋಲಲ್ಲ, ನಿಯಮದಲ್ಲೂ ಅಡ್ಡಿಯಿಲ್ಲ. ಗೋವಾದಲ್ಲಿ ರೇಸ್ ಹೊತ್ತಿಗೆ ನೀರು 28 ಡಿಗ್ರಿ ಆಸುಪಾಸು ಇರುತ್ತದೆ. ಐರನ್‌ಮ್ಯಾನ್ ನಿಯಮದಂತೆ ವೆಟ್‌ಸೂಟ್‌ಗೆ (ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ರಬ್ಬರ್ ಉಡುಪು) ಮಿತಿ 24.5 ಡಿಗ್ರಿ, ಆದ್ದರಿಂದ ಆ ಖರ್ಚೇ ಬೇಡ. ಕತ್ತು, ಕಂಕುಳಿಗೆ ವ್ಯಾಸಲೀನ್ ಮಾತ್ರ ಮರೆಯಬೇಡಿ.

ಈಜು ಮುಗಿಸಿ ಸೈಕಲ್ ಏರುವ ಜಾಗ, ಅಂದರೆ ಟ್ರಾನ್ಸಿಷನ್‌ನಲ್ಲಿ ಒಂದೇ ಮಾತು: ಹೆಲ್ಮೆಟ್ ಬಕಲ್ ಹಾಕಿದ ಮೇಲೆಯೇ ಸೈಕಲ್ ಮುಟ್ಟಿ. ರಸ್ತೆಯಲ್ಲಿ ಮುಂದಿನವರಿಂದ 12 ಮೀಟರ್ ಅಂತರ ಇರಬೇಕು, ಸುಮಾರು ಏಳು ಸೈಕಲ್ ಉದ್ದ. ಆ ವಲಯಕ್ಕೆ ಹೊಕ್ಕರೆ 25 ಸೆಕೆಂಡ್‌ನಲ್ಲಿ ದಾಟಿ ಮುಗಿಸಬೇಕು, ಇಲ್ಲದಿದ್ದರೆ 5 ನಿಮಿಷ ಪೆನಾಲ್ಟಿ. ಒಬ್ಬರೇ ಟ್ರೈನರ್ ತುಳಿದವರಿಗೆ ಈ ಅಂದಾಜು ಇರುವುದಿಲ್ಲ. ರೇಸ್‌ಗೆ ಮುಂಚೆ ಎರಡು ಮೂರು ಸಲ ಹೊರಗೆ ಹೋಗಿ, ಓಡುವ ಸೈಕಲ್‌ನಲ್ಲೇ ಬಾಟಲ್ ತೆಗೆದು ಕುಡಿದು ವಾಪಸು ಇಡುವುದನ್ನೂ ರೂಢಿಸಿಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಜನರನ್ನು ಕೆಡವುವುದು ಸೆಕೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಮಳೆಗಾಲದಲ್ಲಿ ತಂಪು. ಗೋವಾದಲ್ಲಿ ಆ ಹೊತ್ತಿಗೆ 32 ಡಿಗ್ರಿ, ಜೊತೆಗೆ ಬೆವರು ಆರದಂಥ ತೇವ. ದೇಹ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ರೇಸ್‌ಗೆ ಎರಡು ವಾರ ಇದೆ ಎನ್ನುವಾಗಿನಿಂದ ಫ್ಯಾನ್ ಆರಿಸಿ ದಿನಕ್ಕೆ 45–60 ನಿಮಿಷ ಹಗುರವಾಗಿ ತುಳಿಯಿರಿ, ತಲೆಸುತ್ತಿದರೆ ತಕ್ಷಣ ನಿಲ್ಲಿಸಿ. ಒಂದು ಗಂಟೆಯ ಅಭ್ಯಾಸಕ್ಕೆ ಮೊದಲೂ ಆಮೇಲೂ ತೂಕ ನೋಡಿ: ಇಳಿದ ತೂಕಕ್ಕೆ ಕುಡಿದ ನೀರು ಸೇರಿಸಿದರೆ ಗಂಟೆಗೆ ಎಷ್ಟು ಬೆವರುತ್ತೀರಿ ಎಂದು ತಿಳಿಯುತ್ತದೆ. ಒಂದು ಲೀಟರ್‌ಗೆ ಕಾಲು ಟೀ ಚಮಚ ಉಪ್ಪು ಹಾಕಿದರೆ ಸುಮಾರು 550–600 ಮಿ.ಗ್ರಾಂ ಸೋಡಿಯಂ ಸಿಗುತ್ತದೆ. ಬರೀ ನೀರನ್ನೇ ಹೊಟ್ಟೆ ತುಂಬ ಕುಡಿಯುತ್ತ ಹೋಗುವುದು ಅಪಾಯ.

ಓಟದ ಮೊದಲ 3 ಕಿ.ಮೀ. ನಿಮ್ಮ ಬೆಂಗಳೂರಿನ ವೇಗಕ್ಕಿಂತ ಕಿ.ಮೀ.ಗೆ 30 ಸೆಕೆಂಡ್ ನಿಧಾನವಾಗಿರಲಿ. ದಾರಿಯಲ್ಲಿ ನೀರು ಕೊಡುವ ಪ್ರತಿ ಏಡ್ ಸ್ಟೇಷನ್‌ನಲ್ಲಿ ನಡೆದೇ ಕುಡಿಯಿರಿ, ಐಸ್ ಸಿಕ್ಕರೆ ಟೋಪಿಯೊಳಗೆ ಹಾಕಿಕೊಳ್ಳಿ, ಉಳಿದ ನೀರನ್ನು ತಲೆಗೆ ಸುರಿದುಕೊಳ್ಳಿ. ಶೂ ಒದ್ದೆಯಾದರೆ ಅಂಗಾಲು ಬೊಬ್ಬೆ ಏಳುತ್ತದೆ, ಸುರಿದುಕೊಳ್ಳುವಾಗ ಮುಂದಕ್ಕೆ ಬಾಗಿ.