ಅಮೃತ್ ಬಾಟಲಿಯ ಮೇಲೆ ವಯಸ್ಸು ಯಾಕಿಲ್ಲ?

ವಿಸ್ಕಿ ಬಗ್ಗೆ ಬರೆಯಲು ಶುರು ಮಾಡಿದಾಗಿನಿಂದ ನನಗೆ ಅತಿ ಹೆಚ್ಚು ಬಂದಿರುವ ಪ್ರಶ್ನೆ ಇದು: "ಸ್ಕಾಚ್ ಮೇಲೆ 12 ವರ್ಷ, 18 ವರ್ಷ ಅಂತ ದೊಡ್ಡದಾಗಿ ಹಾಕಿರ್ತಾರೆ. ನಮ್ಮ ಬೆಂಗಳೂರಿನ ಅಮೃತ್ ಮೇಲೆ ಏನೂ ಇಲ್ಲ. ಬರೀ ನಾಲ್ಕೈದು ವರ್ಷದ್ದಂತೆ. ಅಷ್ಟು ಎಳಸು ವಿಸ್ಕಿಗೆ ಅಷ್ಟೊಂದು ದುಡ್ಡು ಯಾಕೆ ಕೊಡಬೇಕು?"

ಕೇಳುವವರ ತಪ್ಪಿಲ್ಲ. ಪೀಪಾಯಿಯಲ್ಲಿ ಇಟ್ಟ ವರ್ಷ ಜಾಸ್ತಿ ಇದ್ದಷ್ಟೂ ಮಾಲು ಒಳ್ಳೆಯದು ಅಂತ ನಮಗೆ ಹೇಳಿಕೊಟ್ಟವರು ಸ್ಕಾಟ್‌ಲೆಂಡಿನವರು. ಅಲ್ಲಿನ ಹವೆಗೆ ಆ ಲೆಕ್ಕ ಬಹುಮಟ್ಟಿಗೆ ಸರಿ. ಅದನ್ನೇ ತಂದು ಅಮೃತ್‌ನವರ ಮೈಸೂರು ರಸ್ತೆಯ ಗೋದಾಮಿಗೆ ಹಾಕಿದರೆ ತಾಳೆಯಾಗುವುದಿಲ್ಲ.

ಮೊದಲು ವಿಸ್ಕಿ ಹೇಗೆ ಆಗುತ್ತದೆ ಅಂತ ಬೇಗ ನೋಡಿಬಿಡೋಣ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸುತ್ತಾರೆ. ಮಗುವಿನ ರಾಗಿ ಸರಿಗೆ ಮನೆಯಲ್ಲಿ ರಾಗಿ ಮೊಳಕೆ ಕಟ್ಟುತ್ತಾರಲ್ಲ, ಅದೇ ಕೆಲಸ. ಮೊಳೆತ ಕಾಳಿನಲ್ಲಿ ಪಿಷ್ಟವನ್ನು ಸಕ್ಕರೆ ಮಾಡುವ ಶಕ್ತಿ ಹುಟ್ಟುತ್ತದೆ. ಇದೇ ಮಾಲ್ಟ್. ಅದನ್ನು ತರಿಯಾಗಿ ಒಡೆದು ಬಿಸಿನೀರಿನಲ್ಲಿ ಕಲಸಿದರೆ ಸಿಹಿ ನೀರು ಇಳಿಯುತ್ತದೆ. ಯೀಸ್ಟ್ ಹಾಕಿ ಕೆಲವು ದಿನ ಹುಳಿಯಲು ಬಿಟ್ಟರೆ ಬಿಯರಿನಷ್ಟು ಕಡುವಿನ ದ್ರವ ಸಿಗುತ್ತದೆ. ಅದನ್ನು ತಾಮ್ರದ ದೊಡ್ಡ ಹಂಡೆಗಳಲ್ಲಿ ಎರಡು ಸಲ ಬಟ್ಟಿ ಇಳಿಸುತ್ತಾರೆ. ಎರಡನೇ ಸಲ ಮೊದಲು ಬಂದದ್ದನ್ನೂ ಕೊನೆಗೆ ಬಂದದ್ದನ್ನೂ ಬೇರೆ ಮಾಡಿ, ನಡುವಿನದನ್ನು ಮಾತ್ರ ಪೀಪಾಯಿಗೆ ತುಂಬುತ್ತಾರೆ. ತಾಮ್ರವೇ ಯಾಕೆ ಅಂದರೆ ಗಂಧಕದ ಕೆಟ್ಟ ವಾಸನೆಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಹೀಗೆ ಒಂದೇ ಡಿಸ್ಟಿಲರಿಯಲ್ಲಿ ಬರೀ ಬಾರ್ಲಿ ಮಾಲ್ಟಿನಿಂದ ಮಾಡಿದ್ದು ಸಿಂಗಲ್ ಮಾಲ್ಟ್.

ಹಂಡೆಯಿಂದ ಇಳಿದ ಆ ಸ್ಪಿರಿಟ್ ನೀರಿನಷ್ಟು ತಿಳಿ. ಬಣ್ಣ ಇಲ್ಲ, ವೆನಿಲಾ ಪರಿಮಳ ಇಲ್ಲ. ಅವೆಲ್ಲ ಬರುವುದು ಓಕ್ ಮರದ ಪೀಪಾಯಿಯಿಂದ. ನನ್ನ ಉತ್ತರ ಇರುವುದೂ ಆ ಪೀಪಾಯಿಯ ಒಳಗೇ.

ಬಿಸಿಲೇರಿದಾಗ ಸ್ಪಿರಿಟ್ ಹಿಗ್ಗಿ ಮರದೊಳಕ್ಕೆ ನುಗ್ಗುತ್ತದೆ. ತಂಪಾದಾಗ ಮರದ ಸಾರ ಎಳೆದುಕೊಂಡು ವಾಪಸ್ ಬರುತ್ತದೆ. ಸ್ಕಾಟ್‌ಲೆಂಡಿನಲ್ಲಿ ಬೇಸಿಗೆಯೆಂದರೂ ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸು. ಅಲ್ಲಿ ಈ ಕೆಲಸ ನಿಧಾನ. ಬೆಂಗಳೂರು 900 ಮೀಟರ್ ಎತ್ತರದಲ್ಲಿದ್ದರೂ ಏಪ್ರಿಲ್ ಮಧ್ಯಾಹ್ನ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಇಲ್ಲಿ ಮರ ತನ್ನ ಸಾರವನ್ನು ಬೇಗ ಬಿಟ್ಟುಕೊಡುತ್ತದೆ.

ಜೊತೆಗೆ ಇನ್ನೊಂದು ನಡೆಯುತ್ತದೆ. ಪೀಪಾಯಿಯ ಮರ ಉಸಿರಾಡುತ್ತದೆ, ಒಳಗಿನ ದ್ರವ ಸ್ವಲ್ಪ ಸ್ವಲ್ಪವೇ ಆವಿಯಾಗಿ ಹೋಗುತ್ತದೆ. ಈ ಕಸುಬಿನವರು ಇದನ್ನು ಏಂಜಲ್ಸ್ ಶೇರ್ ಅನ್ನುತ್ತಾರೆ, ದೇವತೆಗಳ ಪಾಲು. ಸ್ಕಾಟ್‌ಲೆಂಡಿನಲ್ಲಿ ಈ ಪಾಲು ವರ್ಷಕ್ಕೆ ಸುಮಾರು ಶೇ 2. ಬೆಂಗಳೂರಿನಲ್ಲಿ ಶೇ 10ರಿಂದ 12.

ಕಾಗದ ಪೆನ್ನು ತಗೊಂಡು ಲೆಕ್ಕ ಹಾಕಿ ನೋಡಿ. 200 ಲೀಟರ್ ತುಂಬಿದ ಪೀಪಾಯಿ ಅಂದುಕೊಳ್ಳಿ. ಸ್ಕಾಟ್‌ಲೆಂಡಿನಲ್ಲಿ 12 ವರ್ಷ ಇಟ್ಟರೂ ಸುಮಾರು 157 ಲೀಟರ್ ಉಳಿಯುತ್ತದೆ. ಇಲ್ಲಿ ವರ್ಷಕ್ಕೆ ಶೇ 10 ಹೋದರೆ ನಾಲ್ಕು ವರ್ಷಕ್ಕೆ 131 ಲೀಟರ್, ಎಂಟು ವರ್ಷಕ್ಕೆ 86, ಹನ್ನೆರಡಕ್ಕೆ ಬರೀ 56. ಶೇ 12 ಅಂತ ಹಿಡಿದರೆ ಹನ್ನೆರಡು ವರ್ಷಕ್ಕೆ 43 ಲೀಟರ್ ಅಷ್ಟೇ. ಅಂದರೆ ನಮ್ಮ ನಾಲ್ಕು ವರ್ಷದ ಪೀಪಾಯಿ ಅವರ ಹನ್ನೆರಡು ವರ್ಷದ್ದಕ್ಕಿಂತ ಜಾಸ್ತಿ ಕಳೆದುಕೊಂಡಿರುತ್ತದೆ. ನೀವು ಕೊಡುವ ದುಡ್ಡಿನಲ್ಲಿ ಗಾಳಿಗೆ ಹೋದ ಈ ಮಾಲಿನ ಬೆಲೆಯೂ ಸೇರಿದೆ.

ಇದು ಬರೀ ಕಾಗದದ ಲೆಕ್ಕವಲ್ಲ. 2013ರಲ್ಲಿ ಅಮೃತ್ ಎಂಟು ವರ್ಷದ ಒಂದು ವಿಸ್ಕಿ ತಂದಿತು, ಗ್ರೀಡಿ ಏಂಜಲ್ಸ್ ಅಂತ ಹೆಸರು, ಅಂದರೆ ದುರಾಸೆಯ ದೇವತೆಗಳು. ಎರಡು ಪೀಪಾಯಿಗಳಲ್ಲಿ ಇಟ್ಟಿದ್ದ 360 ಲೀಟರಿನಲ್ಲಿ 274 ಲೀಟರ್ ಆವಿಯಾಗಿ ಹೋಗಿತ್ತು. ಕೊನೆಗೆ ಆಗಿದ್ದು 144 ಬಾಟಲಿ.

ಹಾಗಾದರೆ ನಷ್ಟ ತಡೆದುಕೊಂಡು 18 ವರ್ಷ ಇಟ್ಟರೆ ಅದ್ಭುತ ವಿಸ್ಕಿ ಆಗುತ್ತಾ? ಇಲ್ಲ. ನಮ್ಮ ಹವೆಯಲ್ಲಿ ಮರದ್ದೇ ಕೈ ಮೇಲಾಗುತ್ತದೆ. ಬಾರ್ಲಿಯ ರುಚಿ ಮುಚ್ಚಿಹೋಗಿ ನಾಲಿಗೆಯ ಮೇಲೆ ಒಗರು ಮಾತ್ರ ನಿಲ್ಲುತ್ತದೆ. ಹದ ತಪ್ಪುವ ಮುಂಚೆ ಪೀಪಾಯಿಯಿಂದ ತೆಗೆಯಬೇಕು. ಒಂದೊಂದು ಪೀಪಾಯಿಯನ್ನೂ ಮೂಸಿ, ರುಚಿ ನೋಡಿ, ಇದು ಆಯ್ತು, ಇದು ಇನ್ನೂ ಇರಲಿ ಅಂತ ಹೇಳುವವರ ಮೂಗು ನಾಲಿಗೆಯ ಮೇಲೆ ಎಲ್ಲವೂ ನಿಂತಿದೆ. ಇಲ್ಲಿನ ನಿಜವಾದ ಕುಶಲತೆ ಅದು ಅಂತ ನಾನು ನಂಬಿದ್ದೇನೆ.

ಇಷ್ಟು ಹೇಳಿದ ಮೇಲೆ ಈ ಡಿಸ್ಟಿಲರಿಯ ಕಥೆಯನ್ನೂ ಹೇಳಲೇಬೇಕು. ರಾಧಾಕೃಷ್ಣ ಜಗದಾಳೆ ಅವರು 1948ರಲ್ಲಿ ಬೆಂಗಳೂರಿನಲ್ಲಿ ಅಮೃತ್ ಶುರು ಮಾಡಿದರು. ಆಗ ಸಿಂಗಲ್ ಮಾಲ್ಟ್ ಮಾತೇ ಇರಲಿಲ್ಲ. 1976ರಲ್ಲಿ ಅವರು ತೀರಿಕೊಂಡ ಮೇಲೆ ಮಗ ನೀಲಕಂಠ ಜಗದಾಳೆ ಅವರು ಕಂಪನಿ ನಡೆಸಿದರು. ಆಗ ನಮ್ಮಲ್ಲಿ ವಿಸ್ಕಿ ಅಂತ ಮಾರುತ್ತಿದ್ದುದು ಹೆಚ್ಚಾಗಿ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ತೆಗೆದ ಸ್ಪಿರಿಟ್. 1980ರ ದಶಕದಲ್ಲಿ ನೀಲಕಂಠ ಅವರು ಬಾರ್ಲಿ ಮಾಲ್ಟ್ ಬಟ್ಟಿ ಇಳಿಸಿ ತಮ್ಮ ಬ್ಲೆಂಡುಗಳಿಗೆ, ಅಂದರೆ ಬೆರಕೆ ವಿಸ್ಕಿಗಳಿಗೆ, ಸೇರಿಸತೊಡಗಿದರು. ವರ್ಷಗಳು ಕಳೆದಂತೆ ಬ್ಲೆಂಡಿಗೆ ಬೇಕಾದ್ದಕ್ಕಿಂತ ಜಾಸ್ತಿ ಮಾಲ್ಟ್ ಗೋದಾಮಿನಲ್ಲಿ ಉಳಿಯಿತು. ಇದನ್ನು ಹಾಗೆಯೇ ಬಾಟಲಿಗೆ ತುಂಬಿದರೆ ಹೇಗೆ ಅನ್ನುವ ಯೋಚನೆ ಬಂತು.

ಅವರ ಮಗ ರಕ್ಷಿತ್ ಆಗ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಎಂಬಿಎ ಓದುತ್ತಿದ್ದರು. ಭಾರತದ ಸಿಂಗಲ್ ಮಾಲ್ಟ್ ಬ್ರಿಟನ್ನಿನಲ್ಲಿ ನಡೆಯುತ್ತದಾ ಅಂತ ನೋಡು ಎಂದರು ಅಪ್ಪ. ಸ್ಕಾಟ್‌ಲೆಂಡಿನ ಗ್ಲ್ಯಾಸ್ಗೋದಲ್ಲಿ ಹೆಸರು ಹೇಳದೆ ರುಚಿ ತೋರಿಸಿದಾಗ ಕುಡಿದವರು ಇದು ಸ್ಕಾಚ್ ಎಂದೇ ತಿಳಿದರು. 2004ರ ಆಗಸ್ಟ್ 24ರಂದು ಅದೇ ಊರಿನ ಕೆಫೆ ಇಂಡಿಯಾ ಹೋಟೆಲಿನಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಬಿಡುಗಡೆಯಾಯಿತು. ಸ್ಕಾಚ್‌ನ ತವರಿಗೇ ಹೋಗಿ ಮಾರಿದ ಆ ಧೈರ್ಯ ನೆನೆದರೆ ನನಗೆ ಇವತ್ತಿಗೂ ಹೆಮ್ಮೆಯಾಗುತ್ತದೆ.

ದೊಡ್ಡ ತಿರುವು ಬಂದದ್ದು ಅಮೃತ್‌ನ ಫ್ಯೂಷನ್ ಅನ್ನುವ ಸಿಂಗಲ್ ಮಾಲ್ಟ್‌ನಿಂದ. ಇದರಲ್ಲಿ ನಾಲ್ಕನೇ ಮೂರು ಭಾಗ ನಮ್ಮ ಉತ್ತರ ಭಾರತದ ಬಾರ್ಲಿ. ಉಳಿದ ಕಾಲು ಭಾಗ ಸ್ಕಾಟ್‌ಲೆಂಡಿನಲ್ಲಿ ಪೀಟ್ ಅನ್ನುವ ಉರಿಯುವ ಜೌಗು ಮಣ್ಣಿನ ಹೊಗೆಗೆ ಒಣಗಿಸಿದ ಬಾರ್ಲಿ. ಎರಡನ್ನೂ ಬೇರೆ ಬೇರೆಯಾಗಿ ಬಟ್ಟಿ ಇಳಿಸಿ, ಬೇರೆ ಬೇರೆಯಾಗಿ ಮಾಗಿಸಿ, ಆಮೇಲೆ ಬೆರೆಸಿ ಮತ್ತೆ ಕೆಲವು ತಿಂಗಳು ಪೀಪಾಯಿಯಲ್ಲಿ ಇಡುತ್ತಾರೆ. ವಿಮರ್ಶಕ ಜಿಮ್ ಮರ್ರೆ ತಮ್ಮ 2010ರ ವಿಸ್ಕಿ ಕೈಪಿಡಿಯಲ್ಲಿ ಇದಕ್ಕೆ 97 ಅಂಕ ಕೊಟ್ಟು, ಜಗತ್ತಿನ ಮೂರನೇ ಅತ್ಯುತ್ತಮ ವಿಸ್ಕಿ ಎಂದರು. ಅಮೃತ್ ಸಿಂಗಲ್ ಮಾಲ್ಟ್ ಬೆಂಗಳೂರಿನ ಅಂಗಡಿಗೆ ಬಂದದ್ದೂ 2010ರಲ್ಲೇ. ನಮ್ಮೂರಿನ ಮಾಲು ನಮ್ಮೂರಿಗೆ ತಲುಪಲು ಹೆಚ್ಚುಕಮ್ಮಿ ಆರು ವರ್ಷ ಹಿಡಿಯಿತು. ನೀಲಕಂಠ ಅವರು 2019ರಲ್ಲಿ ತೀರಿಕೊಂಡರು. ಆ ಹೊತ್ತಿಗೆ ಭಾರತದ ಬೇರೆ ಸಿಂಗಲ್ ಮಾಲ್ಟ್‌ಗಳೂ ಹೊರದೇಶಗಳಲ್ಲಿ ಹೆಸರು ಮಾಡಿದ್ದವು. ಆ ದಾರಿ ಮಾಡಿಕೊಟ್ಟವರು ಅವರು.

ಸರಿ, ವಯಸ್ಸು ನೋಡಬೇಡಿ ಅಂದರೆ ಮತ್ತೇನು ನೋಡಬೇಕು? ಲೇಬಲ್ ಮೇಲೆ ಮೂರು ವಿಷಯ ಓದಿ. ಬಾರ್ಲಿಗೆ ಹೊಗೆ ಕೊಟ್ಟಿದ್ದಾರಾ ಇಲ್ಲವಾ. ಯಾವ ಪೀಪಾಯಿ: ಮೊದಲು ಅಮೆರಿಕದ ಬರ್ಬನ್ ವಿಸ್ಕಿ ತುಂಬಿದ್ದಾದರೆ ವೆನಿಲಾ, ಜೇನಿನ ಕಡೆ ಹೋಗುತ್ತದೆ, ಶೆರ್ರಿ ವೈನಿನದಾದರೆ ಒಣದ್ರಾಕ್ಷಿಯ ಕಡೆ. ಮೂರನೆಯದು ಕಡು ಎಷ್ಟು, ಅಂದರೆ ಆಲ್ಕೋಹಾಲ್ ಶೇಕಡಾ ಎಷ್ಟು. ಮಾಮೂಲಿ ಅಮೃತ್ ಶೇ 46, ಫ್ಯೂಷನ್ ಶೇ 50. ಸೋಡಾ, ಐಸ್ ಸುರಿದರೆ ಈ ವ್ಯತ್ಯಾಸ ಯಾವುದೂ ಗೊತ್ತಾಗುವುದಿಲ್ಲ. ಸುಮ್ನೆ ಸ್ವಲ್ಪ ಹಾಕಿಕೊಂಡು ಮೊದಲು ಹಾಗೇ ಒಂದು ಗುಟುಕು, ಆಮೇಲೆ ಎರಡು ಹನಿ ನೀರು ಬೆರೆಸಿ ಇನ್ನೊಂದು ಗುಟುಕು ನೋಡಿ. ಪಕ್ಕದಲ್ಲಿ 12 ವರ್ಷದ ಸ್ಕಾಚ್ ಇದ್ದರೆ ಅದನ್ನೂ ಹಾಗೇ ನೋಡಿ, ಯಾವುದು ಎಳಸು ಅಂತ ನೀವೇ ಹೇಳಿ.