ಚೀಸ್ ಮೆತ್ತಗೆ ಬರ್ಬೇಕಾ, ಹಾಗಾದ್ರೆ ಸೌಟು ಕೆಳಗಿಡಿ

ಮನೇಲಿ ಮೆತ್ತನೆ ಚೀಸ್ ಮಾಡೋಕೆ ಹಾಲು, ನಿಂಬೆರಸ, ಉಪ್ಪು, ಒಂದು ತೆಳು ಹತ್ತಿ ಬಟ್ಟೆ ಇದ್ರೆ ಸಾಕು, ಆದ್ರೂ ಎಷ್ಟೋ ಜನಕ್ಕೆ ಅದು ರಬ್ಬರ್ ತರ ಆಗುತ್ತೆ, ಇಲ್ಲಾಂದ್ರೆ ಪುಡಿಪುಡಿ ಆಗುತ್ತೆ, ಯಾಕಂದ್ರೆ ಹುಳಿ ಹಾಕಿದ್ಮೇಲೆ ಕೈ ಸುಮ್ನಿರಲ್ಲ.

ಒಂದು ಲೀಟರ್ ಫುಲ್ ಕ್ರೀಮ್ ಹಾಲನ್ನ ದಪ್ಪ ತಳದ ಪಾತ್ರೇಲಿ ಸಣ್ಣ ಉರೀಲಿ ಕಾಯೋಕಿಡಿ. ತಳ ಹಿಡೀದಂಗೆ ಆಗಾಗ ಕೈಯಾಡಿಸಿ. ಉಕ್ಕೋವರೆಗೂ ಬಿಡ್ಬೇಡಿ, ಅಂಚಲ್ಲಿ ಸಣ್ಣ ಗುಳ್ಳೆ ಬಂದು ಹಬೆ ಏಳೋವಾಗ ಆಫ್ ಮಾಡಿ, ಥರ್ಮಾಮೀಟರ್ ಇದ್ರೆ 85ರಿಂದ 90 ಡಿಗ್ರಿ ಸೆಲ್ಸಿಯಸ್. ಇಷ್ಟು ಬಿಸಿ ಯಾಕೆ ಅಂದ್ರೆ, ಹಾಲಿನ ಪ್ರೋಟೀನಲ್ಲಿ ಸುಮಾರು 80% ಕೇಸೀನ್, ಮಿಕ್ಕಿದ್ದು ವ್ಹೇ ಪ್ರೋಟೀನ್. ಹಾಲು ಸರಿಯಾಗಿ ಕಾಯದೇ ಹುಳಿ ಹಾಕಿದ್ರೆ ಕೇಸೀನ್ ಮಾತ್ರ ಗಟ್ಟಿಯಾಗಿ ವ್ಹೇ ಪ್ರೋಟೀನೆಲ್ಲಾ ನೀರಲ್ಲೇ ಹೋಗ್ಬಿಡುತ್ತೆ, ಚೆನ್ನಾಗಿ ಕಾಯಿಸಿದ್ರೆ ಅದೂ ಕೇಸೀನಿಗೆ ಅಂಟ್ಕೊಂಡು ಜೊತೇಲೇ ಬರುತ್ತೆ, ಒಂದಿಷ್ಟು ನೀರನ್ನೂ ಹಿಡ್ಕೊಂಡಿರುತ್ತೆ, ಚೀಸ್ ಮೆತ್ತಗಿರೋದು ಅದಕ್ಕೇ.

ಈಗ ಎರಡ್ಮೂರು ದೊಡ್ಡ ಚಮಚ ನಿಂಬೆರಸ, ಸ್ವಲ್ಪ ಸ್ವಲ್ಪವಾಗೇ ಹಾಕಿ. ಎಲ್ಲಾ ಹಣ್ಣಲ್ಲೂ ಹುಳಿ ಒಂದೇ ಸಮ ಇರಲ್ಲ (ಪ್ರತಿ ಸಲ ಒಂದೇ ಅಳತೆ ಬೇಕು ಅನ್ನೋರಿಗೆ ವಿನೆಗರ್ ವಾಸಿ, ನನಗಂತೂ ಆ ವಾಸನೆ ಆಗಲ್ಲ). ಒಂದೆರಡು ಸುತ್ತು ನಿಧಾನಕ್ಕೆ ತಿರುಗಿಸಿ ಸೌಟು ಕೆಳಗಿಟ್ಬಿಡಿ, ಪಾತ್ರೆ ಮುಚ್ಚಿ ಹತ್ತು ನಿಮಿಷ ಆ ಕಡೆ ತಲೆ ಹಾಕ್ಬೇಡಿ. ಮೊದ್ಲು ಏನೂ ಆಗಿಲ್ವೇನೋ ಅನ್ಸುತ್ತೆ, ಆಮೇಲೆ ನೋಡಿದ್ರೆ ಬಿಳಿ ಗಡ್ಡೆಗಳ ಮಧ್ಯ ಬಿರುಕು ಬಿಟ್ಟು, ತಿಳಿಯಾದ ಹಸಿರು ಮಿಶ್ರಿತ ಹಳದಿ ನೀರು ನಿಂತಿರುತ್ತೆ, ಆ ಬಣ್ಣ ಹಾಲಲ್ಲಿರೋ ರೈಬೋಫ್ಲೇವಿನ್‌ದು, ಅಂದ್ರೆ ಬಿ2 ವಿಟಮಿನ್. ನೀರು ಇನ್ನೂ ಬೆಳ್ಳಗಿದ್ರೆ ಹುಳಿ ಸಾಲ್ದು ಅಂತ ಅರ್ಥ, ಇನ್ನೊಂಚೂರು ಹಾಕಿ. ತಿಳಿಯಾಯ್ತಾ, ಅಲ್ಲಿಗೆ ನಿಲ್ಲಿಸಿ.

ಜರಡಿಗೆ ಬಟ್ಟೆ ಹಾಸಿ ಸೌಟಲ್ಲಿ ಎತ್ತೆತ್ತಿ ಹಾಕಿ, ಪಾತ್ರೆ ಬಗ್ಗಿಸಿ ಒಂದೇ ಸಲ ಸುರಿದ್ರೆ ಗಡ್ಡೆ ಎಲ್ಲಾ ಒಡೆದೋಗುತ್ತೆ. ಹಿಂಡೋ ಆಸೆ ಬರುತ್ತೆ, ಹಿಂಡ್ಬೇಡಿ! ತಾನಾಗೇ ಸೋರಲಿ, ಇಪ್ಪತ್ತು ನಿಮಿಷಕ್ಕೆ ಬ್ರೆಡ್ಡಿಗೆ ಹಚ್ಚೋ ಹದಕ್ಕಿರುತ್ತೆ, ಜಾಸ್ತಿ ಹೊತ್ತು ಬಿಟ್ಟು ಒಣಗಿದ್ರೆ ಅದೇ ನೀರನ್ನ ಎರಡು ಚಮಚ ವಾಪಸ್ ಹಾಕಿ ಕಲಸಿ. ಉಪ್ಪೂ ಇವಾಗ್ಲೇ, ಮೊದ್ಲೇ ಹಾಕಿದ್ರೆ ಅರ್ಧಕ್ಕರ್ಧ ನೀರಿನ ಜೊತೆ ಹೋಗುತ್ತೆ.

ಬಿಸಿ ಮಾಡಿದ್ರೆ ಕರಗಿ ಎಳೆ ಎಳೆ ಬರುತ್ತೆ ಅಂತ ಕಾಯ್ಬೇಡಿ, ಹುಳಿ ಹಾಕಿ ಹೀಗೆ ಮಾಡಿದ್ದು ಕರಗೋ ಜಾತಿ ಅಲ್ಲ. ಸೋರಿದ ನೀರಲ್ಲಿ ಹಿಟ್ಟು ಕಲಸ್ಬಹುದು. ಚೀಸನ್ನ ಡಬ್ಬಿಗೆ ಹಾಕಿ ಫ್ರಿಜ್ಜಲ್ಲಿಡಿ, ಮೂರ್ನಾಲ್ಕು ದಿನದೊಳಗೆ ಮುಗಿಸಿ.